ಪಾದರಸವೇಕೆ, ಎಣ್ಣೆಯ ತಟ್ಟೆ ಸಾಲದೆ?

ಸೂರ್ಯ ನಕ್ಷತ್ರಗಳ ಎತ್ತರವನ್ನು ಅಳೆದು ತಾನಿರುವ ಸ್ಥಳವನ್ನು ತಿಳಿಯುವುದು ನಾವಿಕರ ಹಳೆಯ ವಿದ್ಯೆ. ನಮ್ಮ ಅರಬ್ಬೀ ಸಮುದ್ರದಲ್ಲಿ ಹಿಂದಿನ ಹಾಯಿಹಡಗಿನವರು, ಗಂಟು ಹಾಕಿದ ದಾರವುಳ್ಳ 'ಕಮಾಲ್' ಎಂಬ ಪುಟ್ಟ ಹಲಗೆಯಿಂದ ಧ್ರುವನಕ್ಷತ್ರದ ಎತ್ತರವನ್ನು ಅಳೆಯುತ್ತಿದ್ದರು. ಅನಂತರ ಸೆಕ್ಸ್‌ಟಂಟ್ ಬಂತು. ಇಂದು ಉಪಗ್ರಹಗಳು ದಾರಿ ತೋರಿಸುತ್ತವೆ. ಆದರೂ ಕಡಲ ಕರೆಯ ನಮ್ಮ ಮಕ್ಕಳು ಈ ಅಳತೆಯನ್ನು ಒಮ್ಮೆಯಾದರೂ ಕೈಯಾರೆ ಮಾಡಿ ನೋಡಬೇಕೆಂಬುದು ನಮ್ಮ ಅಭಿಪ್ರಾಯ.

ಎತ್ತರವನ್ನು ಅಳೆಯಲು ದಿಗಂತ ಬೇಕು. ಬಂದ್ಯೋಡಿನ ಪಡುವಣಕ್ಕೆ ಕಡಲಿದೆ, ನಿಜ. ಆದರೆ ತೆಂಗಿನ ತೋಟಗಳ ನಡುವೆ ನಿಂತವರಿಗೆ ಅದು ಕಾಣದು. ಕರೆಗೆ ಹೋದರೂ ಧ್ರುವನಕ್ಷತ್ರದ ಕೆಳಗೆ ಇರುವುದು ನೆಲವೇ. ಇಂತಹ ಕಡೆ ಕೃತಕ ದಿಗಂತ ನೆರವಾಗುತ್ತದೆ. ಅಲುಗದ ದ್ರವದಲ್ಲಿ ಸೂರ್ಯನ ಪ್ರತಿಬಿಂಬವನ್ನು ಹಿಡಿದು, ಎರಡರ ನಡುವಣ ಕೋನವನ್ನು ಅಳೆದು, ಉಪಕರಣದ ದೋಷವನ್ನು ಸರಿಪಡಿಸಿ ಅರ್ಧ ಮಾಡಿದರೆ ಎತ್ತರ ದೊರೆಯುತ್ತದೆ.

ದ್ರವ ಯಾವುದು? ಹಿಂದಿನವರು ಪಾದರಸವನ್ನು ಮೆಚ್ಚಿದ್ದರು. ಅದರ ಪ್ರತಿಬಿಂಬ ಬಲು ಉಜ್ವಲ. ಆದರೆ ಆವಿ ವಿಷ. ಪಾದರಸ ಸೇರಿದ ಮೀನು ತಿಂದ ಜಪಾನಿನ ಮಿನಮಾತದ ಜನರ ದುರಂತ 1956ರಲ್ಲಿ ಬೆಳಕಿಗೆ ಬಂತು. ಆ ಊರಿನ ಹೆಸರಿನ ಅಂತಾರಾಷ್ಟ್ರೀಯ ಒಪ್ಪಂದವನ್ನು ಭಾರತವು 2018ರಲ್ಲಿ ಅಂಗೀಕರಿಸಿತು. ಶಾಲೆಯಲ್ಲಿ ಪಾದರಸ ಬೇಡವೇ ಬೇಡ.

ಕನ್ನಡಿಯನ್ನು ರಸಮಟ್ಟದಿಂದ ಸಮಮಾಡಬಹುದು. ಆದರೆ ಅದು ಒಂದು ಕಲೆಯಷ್ಟು, ಅಂದರೆ ಅಂಶದ ಅರುವತ್ತನೆಯ ಒಂದು ಪಾಲಿನಷ್ಟು ಓರೆಯಾದರೂ ನಮ್ಮ ಸ್ಥಾನ 1.85 ಕಿಲೋಮೀಟರ್ ತಪ್ಪೀತು. ದ್ರವವಾದರೋ ತಾನಾಗಿ ಸಮವಾಗುತ್ತದೆ. ನೀರು ಗಾಳಿಗೆ ಬೇಗ ನಡುಗುತ್ತದೆ; ಎಣ್ಣೆ ಅಷ್ಟು ನಡುಗದು. ತಳಕ್ಕೆ ಕಪ್ಪು ಬಳಿದ ತಟ್ಟೆಯಲ್ಲಿ ಎಳ್ಳೆಣ್ಣೆ ಸುರಿದು ಸುತ್ತ ಗಾಳಿಗೆ ಮರೆ ಕಟ್ಟಿದರೆ ಸಾಕು. ತೆಂಗಿನೆಣ್ಣೆ ಚಳಿಗೆ ಹೆಪ್ಪುಗಟ್ಟುವುದರಿಂದ ಎಳ್ಳೆಣ್ಣೆಯೇ ಲೇಸು.

ಕಾಲವನ್ನೂ ಆರಿಸಬೇಕು. ಸಾಮಾನ್ಯ ಸೆಕ್ಸ್‌ಟಂಟ್ ಸುಮಾರು 120 ಅಂಶಗಳವರೆಗೆ ಅಳೆಯುತ್ತದೆ. ಆದ್ದರಿಂದ 60 ಅಂಶಕ್ಕಿಂತ ಎತ್ತರದ ಸೂರ್ಯ ಸಿಗಲಾರನು. ನಮ್ಮಲ್ಲಿ ನಡುಹಗಲ ಸೂರ್ಯನು ಅದಕ್ಕಿಂತ ಕೆಳಗಿರುವುದು ನವೆಂಬರ್ ಮಧ್ಯದಿಂದ ಜನವರಿಯ ಕೊನೆಯ ವಾರದವರೆಗೆ ಮಾತ್ರ. ಡಿಸೆಂಬರ್ 22ರಂದು ಅವನ ಎತ್ತರ ಸುಮಾರು 54 ಅಂಶ. 90ರಿಂದ 54 ಕಳೆದರೆ 36; ಸೂರ್ಯ ಅಂದು ತೆಂಕಣಕ್ಕೆ ವಾಲಿರುವ 23½ನ್ನು ಅದರಿಂದ ಕಳೆದರೆ 12½. ಅದೇ ನಮ್ಮೂರಿನ ಅಕ್ಷಾಂಶ! ಆದರೆ ಸೂರ್ಯನನ್ನಾಗಲಿ ಎಣ್ಣೆಯಲ್ಲಿನ ಬಿಂಬವನ್ನಾಗಲಿ ಉಪಕರಣದ ಕಪ್ಪು ಗಾಜಿಲ್ಲದೆ ನೋಡಕೂಡದು, ಅಧ್ಯಾಪಕರು ಬಳಿಯಲ್ಲಿರಲೇಬೇಕು.

ಹೆತ್ತವರೇ, ಬೆಲೆಯುಳ್ಳ ಸಾಮಗ್ರಿಯಿದ್ದರೆ ಮಾತ್ರ ವಿಜ್ಞಾನವೆಂದು ಭಾವಿಸದಿರೋಣ. ಸೆಕ್ಸ್‌ಟಂಟ್ ಒಂದನ್ನು ಶಾಲೆ ಒದಗಿಸಲಿ. ದಿಗಂತವನ್ನು ಮಕ್ಕಳು ಮನೆಯ ಅಡುಗೆಕೋಣೆಯಿಂದ ತಂದಾರು. ಭೂಪಟದಲ್ಲಿ ಓದಿದ ಅಂಕಿಯನ್ನು ತಾನೇ ಅಳೆದು ಕಂಡ ವಿದ್ಯಾರ್ಥಿ ಅದನ್ನು ಎಂದಿಗೂ ಮರೆಯಲಾರ.