ಜಿಪ್ಸಮ್‌ಗಿಂತ ಮುಂಚೆ ಬಸಿಗಾಲುವೆ

ಹೋದ ಬೇಸಿಗೆಯಲ್ಲಿ ಹಟ್ಟಿಯಿಂದ ಸಿಂಧನೂರು ಕಡೆಯ ಸೋದರಮಾವನ ಊರಿಗೆ ಹೋಗಿದ್ದೆ. ಕಾಲುವೆ ಪಕ್ಕದ ಎರೆ ಹೊಲದ ತುಂಬ ಬೆಳ್ಳನೆ ಉಪ್ಪು. "ಎರಡು ವರ್ಸ ಜಿಪ್ಸಮ್ ಹಾಕೀನಿ ಅಳಿಯಾ. ರೊಕ್ಕ ಹೋತು, ಉಪ್ಪು ಹೋಗಲಿಲ್ಲ" ಅಂದರು. ಮಣ್ಣು ಪರೀಕ್ಷೆ ಮಾಡಿಸೀರೇನು ಅಂದೆ. "ಅಂಗಡ್ಯಾಗ ಹಾಕು ಅಂದ್ರು, ಹಾಕ್ದೆ."

ನಾವು ಎಡವುವುದು ಇಲ್ಲೇ. ಜಿಪ್ಸಮ್ ಎಲ್ಲ ಕೆಟ್ಟ ಭೂಮಿಗೂ ಮದ್ದಲ್ಲ.

ಜಿಪ್ಸಮ್ ಅಂದರೆ ಕ್ಯಾಲ್ಸಿಯಂ ಸಲ್ಫೇಟ್. ಕರಲು ಭೂಮಿಯಲ್ಲಿ ಮಣ್ಣಿನ ಕಣಕ್ಕೆ ಸೋಡಿಯಂ ಅಂಟಿರುತ್ತದೆ. ಹಸಿಯಾದರೆ ರಾಡಿ, ಒಣಗಿದರೆ ಕಲ್ಲು, ನೀರು ಇಂಗದು. ಜಿಪ್ಸಮ್‌ನ ಕ್ಯಾಲ್ಸಿಯಂ ಆ ಸೋಡಿಯಂ ಬಿಡಿಸಿ ಅದರ ಜಾಗದಲ್ಲಿ ತಾನು ಕೂರುತ್ತದೆ. ಎರೆಯಲ್ಲಿ ಸುಣ್ಣದ ಹರಳು ಬೇಕಾದಷ್ಟಿದೆಯಲ್ಲ ಎನ್ನಬಹುದು. ಅದು ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಜಿಪ್ಸಮ್ ಲೀಟರಿಗೆ ಸುಮಾರು 2 ಗ್ರಾಂ ಕರಗುತ್ತದೆ. ಬಿಡಿಸಿದ ಸೋಡಿಯಂ ಮಾತ್ರ ನೀರಿನ ಜೊತೆ ಹೊಲ ಬಿಟ್ಟು ಹೋಗಲೇಬೇಕು. ಹೋಗಲು ದಾರಿ ಇಲ್ಲದಿದ್ದರೆ ಹಾಕಿದ್ದು ದಂಡ.

ಮಾವನ ಹೊಲ ಪರೀಕ್ಷೆಯಲ್ಲಿ ಕರಲಲ್ಲ, ಸವಳು ಎಂದು ಬಂತು. ರಸಸಾರ 8.5ಕ್ಕಿಂತ ಕಡಿಮೆ, ಲವಣದ ಅಳತೆ (ಇ.ಸಿ.) 4ಕ್ಕಿಂತ ಹೆಚ್ಚು ಇದ್ದರೆ ಸಾಮಾನ್ಯವಾಗಿ ಸವಳು. ರಸಸಾರ 8.5 ದಾಟಿ, ಸೋಡಿಯಂ ಪಾಲು ಶೇ. 15 ಮೀರಿದರೆ ಕರಲು. ಎರಡೂ ಬೆರೆತ ಭೂಮಿಯೂ ಉಂಟು, ಕಣ್ಣಂದಾಜು ಸಾಲದು. ಬರೀ ಸವಳಿಗೆ ಜಿಪ್ಸಮ್ ಹಾಕಿದರೆ ಉಪ್ಪಿನ ಮೇಲೆ ಇನ್ನೊಂದು ಉಪ್ಪು ಹಾಕಿದಂಗೆ. ಅದಕ್ಕೆ ಬೇಕಾದದ್ದು ಒಳ್ಳೆ ನೀರು ಮತ್ತು ಬಸಿಗಾಲುವೆ.

ಹಾಗಂತ ಜಿಪ್ಸಮ್ ಬೇಡವೆಂದಲ್ಲ. ಹಟ್ಟಿ ಕಡೆಯ ಮಸಾರಿಯಲ್ಲಿ ಶೇಂಗಾ ಹೂವಾಡುವಾಗ ಎಕರೆಗೆ 2 ಕ್ವಿಂಟಾಲ್ ಹಾಕಿ ಮಣ್ಣು ಏರಿಸಿದರೆ ಕಾಯಿ ತುಂಬುತ್ತದೆ. ಶೇಂಗಾ ಕಾಯಿ ಕ್ಯಾಲ್ಸಿಯಂ ಹೀರುವುದು ಸುತ್ತಲಿನ ಮಣ್ಣಿನಿಂದ ನೇರವಾಗಿಯೇ.

ತುಂಗಭದ್ರಾ ಎಡದಂಡೆ ಕಾಲುವೆಯನ್ನು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳನ್ನೇ ಹೆಚ್ಚಾಗಿ ನೆನೆದು ಯೋಜಿಸಿದ್ದು. ನಾವು ಭತ್ತ ಹಚ್ಚಿದೆವು; ನೀರು ಬರಲು ದಾರಿ ಮಾಡಿದೆವು, ಹೋಗಲು ಮಾಡಲಿಲ್ಲ. ಬಸಿಗಾಲುವೆ ಒಬ್ಬನಿಂದ ಆಗುವ ಕೆಲಸವಲ್ಲ. ಮೇಲಿನವನು ಬಿಟ್ಟ ನೀರು ಕೆಳಗಿನವನ ಹೊಲದಲ್ಲಿ ನಿಲ್ಲುತ್ತದೆ. ಬದುವಿನ ಜಗಳ ಬಿಟ್ಟು ಹಳ್ಳದ ತನಕ ಕೂಡಿ ತೋಡಬೇಕು.

ಸವಳು ಭೂಮಿಯ ಕೆಲಸ ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದಲ್ಲಿ ನಡೆದಿದೆ. ಮಣ್ಣು ಒಯ್ದು ಕೇಳಿ. ನಾರಾಯಣಪುರ ಬಲದಂಡೆ ನೀರು ಕಂಡ ನಮ್ಮ ಲಿಂಗಸುಗೂರು ತಾಲ್ಲೂಕಿನವರು ಸಿಂಧನೂರು ನೋಡಿ ಈಗಲೇ ಕಲಿಯುವುದು ಲೇಸು. ಭೂಮಿ ಬೆಳ್ಳಗಾದ ಮೇಲೆ ಚೀಲ ಹೊತ್ತರೆ ಅಂಗಡಿಯವನಿಗಷ್ಟೇ ಲಾಭ.