ಸ್ಟಾರ್ ನೋಡೋಕೆ ಹೋಗ್ತೀರಾ, ಸಿಗೋದು ಪಕ್ಕದವರು

ಸೋಮವಾರ ಬೆಳಿಗ್ಗೆ ಆಫೀಸ್‌ನಲ್ಲಿ "ವೀಕೆಂಡ್ ಏನ್ ಮಾಡಿದ್ರಿ?" ಅಂತ ಕೇಳ್ತಾರೆ. "ಕುಮಾರ ಪರ್ವತಕ್ಕೆ ಹೋಗಿದ್ದೆ" ಅಂದ್ರೆ ಎಲ್ಲರ ಕಣ್ಣೂ ಅರಳುತ್ತೆ. "ಐಪಿಎಲ್ ಮ್ಯಾಚ್‌ಗೆ ಹೋಗಿದ್ದೆ, ಮುಖಕ್ಕೆಲ್ಲ ಕೆಂಪು ಬಣ್ಣ ಬಳ್ಕೊಂಡಿದ್ದೆ" ಅಂದ್ರೂ ಯಾರೂ ಹುಬ್ಬೇರಿಸಲ್ಲ. ಅದೇ "ಒಂದು ಟಿವಿ ಸೀರೀಸ್‌ನ ಅಭಿಮಾನಿಗಳ ಸಮಾವೇಶಕ್ಕೆ ಹೋಗಿದ್ದೆ, ಚೂಪು ಕಿವಿ ಅಂಟಿಸ್ಕೊಂಡು" ಅಂದು ನೋಡಿ. ಒಂದು ಕ್ಷಣ ಮೌನ. ಆಮೇಲೆ ಯಾರಾದ್ರೂ ಒಬ್ಬರು, "ಅಯ್ಯೋ, ಇನ್ನೂ ಅದೆಲ್ಲ ನೋಡ್ತೀರಾ?" ಅಂತಾರೆ.

ಕ್ರಿಕೆಟ್ ಅಭಿಮಾನ ದೊಡ್ಡವರದು, ಸೀರೀಸ್ ಅಭಿಮಾನ ಚಿಕ್ಕವರದು ಅಂತ ಯಾರು ತೀರ್ಮಾನ ಮಾಡಿದ್ರೋ ಗೊತ್ತಿಲ್ಲ. ಆದರೆ ಆ ಚೂಪು ಕಿವಿಯವರ ಕಥೆ ಕೇಳಿದ್ರೆ ನೀವು ಅಷ್ಟು ಸುಲಭವಾಗಿ ನಗಲ್ಲ.

'ಸ್ಟಾರ್ ಟ್ರೆಕ್' ಅಮೆರಿಕದ ಎನ್‌ಬಿಸಿ ಚಾನೆಲ್‌ನಲ್ಲಿ ಶುರುವಾಗಿದ್ದು 1966ರ ಸೆಪ್ಟೆಂಬರ್‌ನಲ್ಲಿ. ರೇಟಿಂಗ್ ಹೇಳಿಕೊಳ್ಳೋ ಹಾಗಿರಲಿಲ್ಲ. ಎರಡನೇ ಸೀಸನ್‌ಗೇ ನಿಲ್ಲಿಸ್ತಾರೆ ಅನ್ನೋ ಸುದ್ದಿ ಬಂದಾಗ ಬೀಜೋ ಟ್ರಿಂಬಲ್ ಎಂಬ ಅಭಿಮಾನಿ ಮತ್ತು ಅವರ ಪತಿ ಪತ್ರ ಚಳವಳಿ ಹೂಡಿದರು. ವಾಟ್ಸ್ಆ್ಯಪ್ ಫಾರ್ವರ್ಡ್ ಅಲ್ಲ, ಕೈಯಲ್ಲಿ ಬರೆದು, ಸ್ಟಾಂಪ್ ಅಂಟಿಸಿ ಪೋಸ್ಟ್ ಮಾಡಿದ ಪತ್ರಗಳು. ಮೂರನೇ ಸೀಸನ್ ಬಂತು. ಆದ್ರೂ 1969ರಲ್ಲಿ, 79 ಎಪಿಸೋಡ್‌ಗಳ ನಂತರ, ಸೀರೀಸ್ ನಿಂತೇ ಹೋಯ್ತು.

ಮಾಮೂಲಿ ಲೆಕ್ಕದಲ್ಲಿ ಅಲ್ಲಿಗೆ ಕಥೆ ಮುಗೀಬೇಕಿತ್ತು. ಆದರೆ ಹಳೆ ಎಪಿಸೋಡ್‌ಗಳನ್ನು ಸ್ಥಳೀಯ ಚಾನೆಲ್‌ಗಳು ಮತ್ತೆ ಮತ್ತೆ ಹಾಕತೊಡಗಿದವು. ಶಾಲೆ ಕಾಲೇಜಿನ ಹುಡುಗ ಹುಡುಗಿಯರು ತಮ್ಮ ತಮ್ಮ ಮನೆಯಲ್ಲಿ ಕೂತು ನೋಡಿದರು. ಇದನ್ನು ಇಷ್ಟಪಡೋದು ನಾನೊಬ್ಬನೇ ಇರಬೇಕು, ನಾನೊಬ್ಬಳೇ ಇರಬೇಕು ಅಂದುಕೊಂಡೇ ನೋಡಿದವರು ಅವರಲ್ಲಿ ಎಷ್ಟೋ ಜನ.

1972ರ ಜನವರಿಯಲ್ಲಿ ಕೆಲವು ಅಭಿಮಾನಿಗಳೇ ಸೇರಿ ನ್ಯೂಯಾರ್ಕ್‌ನ ಸ್ಟ್ಯಾಟ್ಲರ್ ಹಿಲ್ಟನ್ ಹೋಟೆಲ್‌ನಲ್ಲಿ ಮೂರು ದಿನದ ಸಮಾವೇಶ ಇಟ್ಟುಕೊಂಡರು. ಕೆಲವು ನೂರು ಜನ ಬರಬಹುದು ಅನ್ನೋದು ಅವರ ಅಂದಾಜು. ಬಂದವರು ಮೂರು ಸಾವಿರಕ್ಕೂ ಹೆಚ್ಚು! ಸೀರೀಸ್‌ನ ಸೃಷ್ಟಿಕರ್ತ ಜೀನ್ ರಾಡೆನ್‌ಬೆರಿ ಬಂದಿದ್ದರು, ಲೇಖಕ ಐಸಾಕ್ ಅಸಿಮೋವ್ ಬಂದಿದ್ದರು. ನಾಸಾ ಪ್ರದರ್ಶನಕ್ಕೆ ವಸ್ತುಗಳನ್ನು ಕಳಿಸಿತ್ತು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಕ್ಯಾಪ್ಟನ್ ಕರ್ಕ್ ಆಗಿದ್ದ ವಿಲಿಯಂ ಶಾಟ್ನರ್ ಆಗಲಿ, ಸ್ಪಾಕ್ ಆಗಿದ್ದ ಲಿಯೊನಾರ್ಡ್ ನಿಮೊಯ್ ಆಗಲಿ ಆ ಸಲ ಬಂದಿರಲಿಲ್ಲ. ಹೀರೋಗಳೇ ಇಲ್ಲದ ಜಾತ್ರೆ. ಆದ್ರೂ ಹೋಟೆಲ್ ತುಂಬಿ ತುಳುಕಿತು. ಆಗ ಮನೆಯಲ್ಲಿ ವಿಸಿಆರ್ ಕೂಡ ಇಲ್ಲದ ಕಾಲ. ತಾವು ಒಬ್ಬರೇ ಕೂತು ನೋಡಿದ್ದ ಎಪಿಸೋಡನ್ನು ಅಲ್ಲಿ ನೂರಾರು ಜನರ ಜೊತೆ ದೊಡ್ಡ ಪರದೆಯಲ್ಲಿ ನೋಡಿದರು. ತಾವು ನಕ್ಕ ಜಾಗದಲ್ಲೇ ಇಡೀ ಹಾಲ್ ನಕ್ಕರೆ ಹೇಗಿರುತ್ತೆ, ಯೋಚಿಸಿ.

ಗೇಲಿ ಮಾಡೋರೂ ಇದ್ದರು ಬಿಡಿ. 1986ರಲ್ಲಿ 'ಸ್ಯಾಟರ್ಡೇ ನೈಟ್ ಲೈವ್' ಕಾರ್ಯಕ್ರಮದ ಒಂದು ಸ್ಕಿಟ್‌ನಲ್ಲಿ ಸ್ವತಃ ಶಾಟ್ನರ್ ಅವರೇ ಸಮಾವೇಶದ ವೇದಿಕೆ ಮೇಲೆ ನಿಂತು, "ಹೋಗ್ರಪ್ಪಾ, ಬದುಕು ನೋಡ್ಕೊಳ್ಳಿ" ಅನ್ನೋ ಧಾಟಿಯಲ್ಲಿ ಅಭಿಮಾನಿಗಳಿಗೆ ಬೈಯುತ್ತಾರೆ. ಅದು ತಮಾಷೆಯೇ. ಆದರೆ ಅಪ್ಪ ಅಮ್ಮ, ರೂಮ್‌ಮೇಟ್, ಮ್ಯಾನೇಜರ್ ಎಲ್ಲರ ಮನಸ್ಸಿನ ಮಾತೂ ಅದೇ ಆಗಿತ್ತು.

ಹಾಗಾದ್ರೆ ಅಂಥ ಕೂಟದಿಂದ ಬದುಕಿಗೆ ಏನೂ ಸಿಗಲ್ವಾ? ನಿಚೆಲ್ ನಿಕೋಲ್ಸ್ ಕಥೆ ಕೇಳಿ. ಸೀರೀಸ್‌ನಲ್ಲಿ ಲೆಫ್ಟಿನೆಂಟ್ ಉಹುರಾ ಪಾತ್ರ ಮಾಡಿದ ಕಪ್ಪುವರ್ಣೀಯ ನಟಿ ಆಕೆ. ಮೊದಲ ಸೀಸನ್ ಮುಗಿದಾಗ ಬಿಟ್ಟು ಹೋಗೋಣ ಅಂದುಕೊಂಡಿದ್ದರಂತೆ. ಒಂದು ಸಮಾರಂಭದಲ್ಲಿ ಅಭಿಮಾನಿಯೊಬ್ಬರು ನಿಮ್ಮನ್ನು ನೋಡಬೇಕಂತೆ ಅಂದರು, ತಿರುಗಿ ನೋಡಿದ್ರೆ ಮಾರ್ಟಿನ್ ಲೂಥರ್ ಕಿಂಗ್! ಈ ಪಾತ್ರ ಬಿಡಬೇಡಿ ಅಂತ ಅವರು ಒತ್ತಾಯಿಸಿದ್ದನ್ನು ನಿಕೋಲ್ಸ್ ಎಷ್ಟೋ ಸಂದರ್ಶನಗಳಲ್ಲಿ ಹೇಳಿದ್ದಾರೆ.

ಆಮೇಲೆ 1975ರಲ್ಲಿ ಷಿಕಾಗೋದ ಒಂದು ಸ್ಟಾರ್ ಟ್ರೆಕ್ ಸಮಾವೇಶದಲ್ಲಿ ನಾಸಾದ ವಿಜ್ಞಾನಿ ಯೆಸ್ಕೋ ಫಾನ್ ಪುಟ್ಕಾಮರ್ ಭಾಷಣ ಮಾಡಿದರು. ಅದನ್ನು ಕೇಳಿದ ನಿಕೋಲ್ಸ್‌ಗೆ ಕಾಡಿದ ಪ್ರಶ್ನೆ ಒಂದೇ: ಈ ಗಗನಯಾತ್ರಿಗಳಲ್ಲಿ ನನ್ನಂಥವರು ಎಲ್ಲಿ? ಅಲ್ಲಿಂದ ಶುರುವಾದ ಮಾತುಕತೆ, 1977ರಲ್ಲಿ ನಾಸಾಕ್ಕೆ ಮಹಿಳೆಯರು ಮತ್ತು ಕಪ್ಪುವರ್ಣೀಯರನ್ನು ಕರೆತರುವ ನೇಮಕಾತಿ ಅಭಿಯಾನದಲ್ಲಿ ಅವರನ್ನು ತಂದು ನಿಲ್ಲಿಸಿತು. 1978ರಲ್ಲಿ ಆಯ್ಕೆಯಾದ 35 ಗಗನಯಾತ್ರಿಗಳಲ್ಲಿ ಆರು ಮಂದಿ ಮಹಿಳೆಯರು, ಮೂವರು ಕಪ್ಪುವರ್ಣೀಯರು. ಬಾಲ್ಯದಲ್ಲಿ ಉಹುರಾಳನ್ನು ನೋಡಿ ಬೆಳೆದ ಮೇ ಜೆಮಿಸನ್ 1992ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಕಪ್ಪುವರ್ಣೀಯ ಮಹಿಳೆ ಆದರು. ಮರುವರ್ಷ ಸ್ಟಾರ್ ಟ್ರೆಕ್‌ನ ಮುಂದಿನ ಪೀಳಿಗೆಯ ಸೀರೀಸ್‌ನಲ್ಲಿ ಒಂದು ಸಣ್ಣ ಪಾತ್ರವನ್ನೂ ಮಾಡಿದರು!

ಈಗ ಕಾಲ ಬದಲಾಗಿದೆ. ಅಭಿಮಾನಿಗಳು ಕೈಯಿಂದ ಖರ್ಚು ಮಾಡಿ ನಡೆಸುತ್ತಿದ್ದ ಕೂಟ ಇವತ್ತು ಬಹುತೇಕ ಕಂಪನಿಗಳ ವ್ಯವಹಾರ. ಲಾಸ್ ವೇಗಸ್‌ನ ವಾರ್ಷಿಕ ಸ್ಟಾರ್ ಟ್ರೆಕ್ ಸಮಾವೇಶದಂಥ ದೊಡ್ಡ ಕಡೆ ಪ್ರವೇಶಕ್ಕೆ ಒಂದು ಟಿಕೆಟ್, ಆಟೋಗ್ರಾಫ್‌ಗೆ ಇನ್ನೊಂದು, ಫೋಟೋಗೆ ಮತ್ತೊಂದು. ಫೋಟೋ ಅಂದ್ರೆ ಏನು? ಉದ್ದನೆ ಕ್ಯೂ, ನಿಮ್ಮ ಸರದಿ ಬಂದಾಗ ಒಂದು ಹಲೋ, ಒಂದು ಫ್ಲ್ಯಾಶ್, "ನೆಕ್ಸ್ಟ್ ಪ್ಲೀಸ್". ವರ್ಷಗಟ್ಟಲೆ ಹೇಳಬೇಕು ಅಂದ್ಕೊಂಡಿದ್ದ ಮಾತು ಗಂಟಲಲ್ಲೇ ಉಳಿಯುತ್ತೆ. ನಟರದ್ದೇನೂ ತಪ್ಪಲ್ಲ, ನಿಮ್ಮ ಹಿಂದೆ ಇನ್ನೂ ನೂರಾರು ಜನ ಇರ್ತಾರೆ. ಆದರೆ ಹಬ್ಬ ಅಂದ್ರೆ ಅದಷ್ಟೇ ಅಂದ್ಕೊಂಡು ಹೋದವರು ಜೇಬೂ ಮನಸ್ಸೂ ಎರಡೂ ಖಾಲಿ ಮಾಡ್ಕೊಂಡು ಬರ್ತಾರೆ.

ನಿಜವಾದ ಹಬ್ಬ ಪಕ್ಕದ ಸಣ್ಣ ಕೋಣೆಗಳಲ್ಲಿ ನಡೀತಿರುತ್ತೆ. ಒಂದೇ ಪಾತ್ರದ ಬಗ್ಗೆ ಗಂಟೆಗಟ್ಟಲೆ ವಾದ ಮಾಡೋರು, ತಿಂಗಳುಗಟ್ಟಲೆ ಕೂತು ಯೂನಿಫಾರ್ಮ್ ಹೊಲಿದು ತಂದವರು, ಮಗಳನ್ನ ಕರ್ಕೊಂಡು ಬಂದ ಅಪ್ಪ, ಅಪ್ಪನನ್ನ ಎಳ್ಕೊಂಡು ಬಂದ ಮಗಳು. ಅಲ್ಲಿ ನಿಮ್ಮ ಹುದ್ದೆ ಏನು, ಪ್ಯಾಕೇಜ್ ಎಷ್ಟು ಅಂತ ಮೊದಲು ಯಾರೂ ಕೇಳಲ್ಲ. ಮದುವೆ ಮನೆಯಲ್ಲೂ ಸಿಗದ ಭಾಗ್ಯ ಇದು, ಅಲ್ವಾ?

ಅಮೆರಿಕದವರೆಗೆ ಹೋಗಲೇಬೇಕು ಅಂತಿಲ್ಲ. ಬೆಂಗಳೂರಿಗೂ ಕಾಮಿಕ್ ಕಾನ್ ಬಂದು ದಶಕದ ಮೇಲಾಯ್ತು. ಒಂದೇ ಸೀರೀಸ್‌ನ ಕೂಟ ಅಲ್ಲ ಅದು, ಎಲ್ಲ ಬಗೆಯ ಅಭಿಮಾನಿಗಳೂ ಅಲ್ಲಿ ಸೇರ್ತಾರೆ. ಹೋಗೋ ಮುಂಚೆ ಮನೆಯಲ್ಲೇ ಕೂತು ಬಜೆಟ್ ಹಾಕ್ಕೊಳ್ಳಿ, ಅಲ್ಲಿ ಹೋದ್ಮೇಲೆ ಹಾಕಿದ ಬಜೆಟ್ ನಿಲ್ಲಲ್ಲ. ಹಿತವಾದ ಚಪ್ಪಲಿ ಹಾಕ್ಕೊಳ್ಳಿ, ನೀರಿನ ಬಾಟಲ್ ಒಳಗೆ ಬಿಡ್ತಾರಾ ಅಂತ ನೋಡ್ಕೊಳ್ಳಿ. ವೇಷ ಹಾಕಿದವರ ಫೋಟೋ ತೆಗೆಯೋ ಮುಂಚೆ ಒಂದು ಮಾತು ಕೇಳಿ. ದೊಡ್ಡ ವೇದಿಕೆಯ ಜೊತೆಗೆ ಒಂದಾದರೂ ಸಣ್ಣ ಚರ್ಚೆಗೆ ಹೋಗಿ ಕೂತ್ಕೊಳ್ಳಿ.

ಒಬ್ಬರೇ ಹೋಗೋಕೆ ಮುಜುಗರ ಅನ್ನೋರಿಗೆ ಇನ್ನೊಂದು ಮಾತು. ಅಲ್ಲಿಗೆ ಬರೋರಲ್ಲಿ ಎಷ್ಟೋ ಜನ ಒಬ್ಬರೇ ಬಂದಿರ್ತಾರೆ. ಕ್ಯೂನಲ್ಲಿ ನಿಂತಾಗ ಫೋನ್ ಜೇಬಿಗೆ ಹಾಕಿ, ಮುಂದೆ ನಿಂತೋರನ್ನ "ನಿಮಗೆ ಯಾವ ಎಪಿಸೋಡ್ ಇಷ್ಟ?" ಅಂತ ಕೇಳಿ. ನಿಮ್ಮ ಸರದಿ ಬಂದಿದ್ದೇ ಗೊತ್ತಾಗಲ್ಲ.