ಮದುವೆಯಲ್ಲಿ ಮುಗಿಯುವ ಕಥೆ

ಪ್ರಣಯದ ವಿನೋದಚಿತ್ರಗಳೆಲ್ಲ ಒಂದೇ ಅಚ್ಚಿನವು ಎಂದು ಮೂಗು ಮುರಿಯುವವರುಂಟು. ಇಬ್ಬರು ಜಗಳದಿಂದ ಪರಿಚಿತರಾಗುವುದು, ಜೊತೆಯಲ್ಲಿ ದಾರಿ ಸವೆಸುವುದು, ತಪ್ಪು ತಿಳಿವಳಿಕೆಯಿಂದ ಅಗಲುವುದು, ಕಡೆಗೆ ಕೂಡುವುದು, ಇಷ್ಟೇ ಅಲ್ಲವೆ? ಅಚ್ಚು ಒಂದೇ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಅದರೊಳಗೆ ಬೆಲ್ಲವಿದೆಯೋ ಮಣ್ಣಿದೆಯೋ ಎಂದು ನೋಡಬೇಡವೆ?

1934ರಲ್ಲಿ ಫ್ರಾಂಕ್ ಕಾಪ್ರಾ ನಿರ್ದೇಶಿಸಿದ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಈ ಬಗೆಯ ಚಿತ್ರಗಳಿಗೆ ಮೇಲ್ಪಂಕ್ತಿ. ಸಿರಿವಂತನ ಮಗಳು ತಂದೆಯ ಮಾತು ಮೀರಿ ಓಡಿಹೋಗುತ್ತಾಳೆ. ಕೆಲಸ ಕಳೆದುಕೊಂಡ ಪತ್ರಕರ್ತನೊಬ್ಬ ಬಸ್ಸಿನಲ್ಲಿ ಜೊತೆಯಾಗುತ್ತಾನೆ. ಅವಳ ಬಿಂಕ, ಅವನ ಅಹಂಕಾರ ಎರಡೂ ದಾರಿಯುದ್ದಕ್ಕೂ ಸವೆಯುತ್ತವೆ. ಅವಳನ್ನು ಹುಡುಕಿಕೊಟ್ಟವರಿಗೆ 10,000 ಡಾಲರ್ ಬಹುಮಾನವಿದ್ದರೂ ಅವನು ಕೇಳುವುದು ತನ್ನ ಕೈಯಿಂದ ಖರ್ಚಾದ 39 ಡಾಲರ್ 60 ಸೆಂಟು ಮಾತ್ರ. ಅವನ ಗುಣ ಅಲ್ಲಿ ತಿಳಿಯುತ್ತದೆ.

1953ರ ‘ರೋಮನ್ ಹಾಲಿಡೇ’ಯಲ್ಲಿ ವಿಲಿಯಂ ವೈಲರ್ ಇದೇ ಅಚ್ಚನ್ನು ಹಿಡಿದು ಕಡೆಯಲ್ಲಿ ಒಡೆದರು. ಒಂದು ದಿನ ಸ್ವತಂತ್ರಳಾಗಿ ರೋಮಿನಲ್ಲಿ ಅಲೆದ ರಾಜಕುಮಾರಿ ತನ್ನ ಕರ್ತವ್ಯಕ್ಕೆ ಮರಳುತ್ತಾಳೆ. ಪತ್ರಕರ್ತ ಅವಳ ಗುಟ್ಟನ್ನು ಮಾರಿಕೊಳ್ಳುವುದಿಲ್ಲ. ಮದುವೆಯಿಲ್ಲ, ಆದರೂ ಇಬ್ಬರೂ ಮೊದಲಿಗಿಂತ ದೊಡ್ಡವರಾಗಿದ್ದಾರೆ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗಳು. ಪರೀಕ್ಷೆ ಮುಗಿದೊಡನೆ ನನ್ನ ಮದುವೆಯ ಮಾತು ಬರಲಿದೆ. ಚಿತ್ರಗಳು ‘ಶುಭಂ’ ಎನ್ನುವ ಕಡೆಯಲ್ಲಿಯೇ ನನ್ನ ಪ್ರಶ್ನೆ ಮೊದಲಾಗುತ್ತದೆ. ಇಬ್ಬರೂ ಬದಲಾದರೋ, ಹೆಣ್ಣೊಬ್ಬಳೇ ಬಾಗಿದಳೋ ಎಂಬುದೇ ಕಥೆಗೆ ಒರೆಗಲ್ಲು. ಬಾಳಿಗೂ ಅದೇ. ಸಹಪಾಠಿಗಳು ಮುಂದೆ ಇಂಥ ಚಿತ್ರ ನೋಡುವಾಗ ಬರಿದೆ ನಕ್ಕು ಏಳದೆ ಈ ಒಂದು ಲೆಕ್ಕ ಹಾಕಲಿ ಎಂದು ನನ್ನ ಬಿನ್ನಹ.